ಗೆಳೆತನವೇ ಕರ್ತೃವಾದಾಗ: ಹಲಸಂಗಿ ಗೆಳೆಯರ ಜಾನಪದ ಸಂಗ್ರಹ

ಕನ್ನಡ ಜಾನಪದ ಅಧ್ಯಯನದ ಚರಿತ್ರೆಯಲ್ಲಿ 'ಹಲಸಂಗಿ ಗೆಳೆಯರು' ಎಂಬುದು ವಿಶಿಷ್ಟ ಕರ್ತೃನಾಮ. ಇಂದಿನ ವಿಜಯಪುರ ಜಿಲ್ಲೆಯ ಹಲಸಂಗಿ ಎಂಬ ಹಳ್ಳಿಯ ಸುತ್ತ ಕೂಡಿಕೊಂಡ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದವರ ಬಳಗದಿಂದ 'ಗರತಿಯ ಹಾಡು' (1931), 'ಜೀವನ ಸಂಗೀತ' (1933), 'ಮಲ್ಲಿಗೆ ದಂಡೆ' (1935) ಎಂಬ ಸಂಕಲನಗಳು ಬಂದವು. ಇವುಗಳ ಕಾವ್ಯಗುಣವನ್ನು ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಬೆನ್ನಿಗಿದ್ದ ಸ್ನೇಹವನ್ನು ಮಾತ್ರ ಲೇಖಕರ ಜೀವನಚರಿತ್ರೆಗೆ ಸೇರಿದ ಸಂಗತಿಯೆಂದು ಬದಿಗಿಡುವುದು ರೂಢಿ. 'ಗರತಿಯ ಹಾಡಿ'ನ ಮಟ್ಟಿಗಾದರೂ ಆ ಸ್ನೇಹವೇ ಸಂಗ್ರಹದ ವಿಧಾನವಾಗಿತ್ತು ಎಂಬುದು ಪ್ರಸ್ತುತ ಲೇಖನದ ವಾದ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು ಮುಂತಾದ ಲಾವಣಿಗಳನ್ನು ಪ್ರಕಟಿಸಿದ. ಲಾವಣಿ ಬಯಲಿನ ಹಾಡು. ಹತ್ತು ಜನರ ಮುಂದೆ ಹಾಡುವಂಥದ್ದು. ಅಧಿಕಾರಿ ಕೇಳಿದರೂ ದಕ್ಕುವಂಥದ್ದು. ಗರತಿಯ ಹಾಡಿನ ನೆಲೆ ಬೇರೆ. ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕೂತ ಹೆಣ್ಣುಮಗಳು ತವರನ್ನೋ ಕೂಸನ್ನೋ ನೆನೆದು ತನ್ನಷ್ಟಕ್ಕೆ ಹಾಡಿಕೊಳ್ಳುವುದನ್ನು ಹೊರಗಿನ ಗಂಡಸು ಕೇಳಿ ಬರೆದುಕೊಳ್ಳುವುದು ಸುಲಭದ ಮಾತಲ್ಲ. ಅದಕ್ಕೆ ಮನೆಯ ಸಲುಗೆ ಬೇಕು. ಗೆಳೆಯನ ಮನೆ ತನ್ನ ಮನೆಯೂ ಆದಾಗ, ಗೆಳೆಯನ ತಾಯಿ ತನಗೂ ಅವ್ವ ಆದಾಗ ಆ ಸಲುಗೆ ತಾನಾಗಿ ಒದಗುತ್ತದೆ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ (1890), ಬೆಂಗಳೂರಿನ ಸಾಹಿತ್ಯ ಪರಿಷತ್ತು (1915) ಆಗಲೇ ಇದ್ದವು. ಆದರೆ ಸಂಘದ ಸದಸ್ಯತ್ವ ಯಾರನ್ನೂ ಅಡುಗೆಮನೆಯ ಹೊಸ್ತಿಲು ದಾಟಿಸಲಾರದು.

ಹಾಡಿನ ರಚನೆಯಲ್ಲೂ ಈ ಸ್ನೇಹಕ್ಕೊಂದು ಸಾಮ್ಯವಿದೆ. ಗರತಿಯ ಹಾಡಿನ ಛಂದಸ್ಸಾದ ತ್ರಿಪದಿ ಬರಹದಲ್ಲಿ ಮೂರು ಸಾಲು. ಹಾಡುವಾಗ ಎರಡನೆಯ ಸಾಲು ಮರುಕಳಿಸಿ ನಾಲ್ಕಾಗುತ್ತದೆ. ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸುವಾಗ ಒಬ್ಬಳು ಎತ್ತಿದ ಸಾಲಿಗೆ ಇನ್ನೊಬ್ಬಳು ದನಿಗೂಡಿಸುತ್ತಾಳೆ. ಕಲ್ಲಿನ ಭಾರದಂತೆ ಹಾಡಿನ ಭಾರವೂ ಇಬ್ಬರಲ್ಲಿ ಹಂಚಿಹೋಗುತ್ತದೆ. ಅಚ್ಚಿನಲ್ಲಿ ಆ ಮರುಕಳಿಕೆ ಕಾಣುವುದಿಲ್ಲ. ಸಂಗ್ರಾಹಕರ ನಡುವಿನ ಹಂಚಿಕೆಯೂ ಹಾಗೆಯೇ: ಯಾವ ಹಾಡು ಯಾರ ಕಿವಿಗೆ ಬಿತ್ತು, ಯಾರು ಬರೆದುಕೊಂಡರು, ಯಾರು ತಿದ್ದಿದರು ಎಂಬುದೆಲ್ಲ 'ಗೆಳೆಯರು' ಎಂಬ ಒಂದು ಪದದೊಳಗೆ ಅಡಗಿದೆ.

ಈ ನಂಟು ಪುಸ್ತಕಗಳೊಂದಿಗೆ ಮುಗಿಯಲಿಲ್ಲ. ಮಧುರಚೆನ್ನರು 1953ರಲ್ಲಿ, ಐವತ್ತರ ವಯಸ್ಸಿನಲ್ಲಿ ತೀರಿಕೊಂಡರು. ಸಿಂಪಿ ಲಿಂಗಣ್ಣನವರು 1993ರವರೆಗೆ ಬಾಳಿದರು; ಜಾನಪದದ ಕೆಲಸವನ್ನು ಮುಂದುವರಿಸಿ, ಕೊಪ್ಪಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು. ಗೆಳೆಯನಿಲ್ಲದ ನಾಲ್ಕು ದಶಕಗಳ ಕಾಲ ಕೂಡಿ ಹಿಡಿದ ಕೆಲಸ ನಿಲ್ಲಲಿಲ್ಲ. ಸ್ನೇಹದ ಬಾಳಿಕೆಯನ್ನು ಅಳೆಯಲು ಇದಕ್ಕಿಂತ ನೇರವಾದ ಮಾನದಂಡ ಸಿಗುವುದು ಕಷ್ಟ.

ಈ ವಾದಕ್ಕೆ ಒಂದು ಮಿತಿಯೂ ಇದೆ. 'ಗೆಳೆಯರು' ಎಂಬ ಹೆಸರಿನೊಳಗೆ ಹಾಡು ಕೊಟ್ಟ ಹೆಣ್ಣುಮಕ್ಕಳಿಗೆ ಜಾಗವಿಲ್ಲ. ಗಂಡಸರ ಸ್ನೇಹ ಹಾಡನ್ನು ಉಳಿಸಿತು. ಬೀಸುಕಲ್ಲಿನ ಎರಡು ಬದಿಗೆ ಕೂತವರ ಗೆಳೆತನ ಆ ಹಾಡನ್ನು ಹುಟ್ಟಿಸಿತ್ತು. ಎರಡನೆಯದರ ಚರಿತ್ರೆಯನ್ನು ನಾವಿನ್ನೂ ಬರೆಯಬೇಕಾಗಿದೆ.