ಮುಂಬೈ ವ್ಯಾನ್‌ಗೆ ಬಿಡದಿಯ ಚಕ್ರ: ಐದು ತೂತು, ಆರು ತೂತಿನ ಇತಿಹಾಸ

ಮೆಟ್ರೋ ಏಳನೇ ಲೈನ್‌ನಲ್ಲಿ ಅಂಧೇರಿ ಕಡೆ ಆಫೀಸಿಗೆ ಓಡಾಡುವವರು ಅಕುರ್ಲಿ ಸ್ಟೇಷನ್ ಹೆಸರನ್ನ ದಿನಾ ಕೇಳಿರ್ತೀರಿ. ಕೆಳಗೆ ಕಾಂದಿವಲಿ ಪೂರ್ವದ ಅಕುರ್ಲಿ ರೋಡ್, ಅಲ್ಲೇ ಮಹೀಂದ್ರಾ ಕಾರ್ಖಾನೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಅದು ಬರೀ ಉದ್ದನೆಯ ಕಾಂಪೌಂಡ್ ಗೋಡೆ. ನಾನೂ ಹಾಗೇ ಅಂದ್ಕೊಂಡಿದ್ದೆ, ಒಂದು ಹಳೇ ವ್ಯಾನ್ ನಮ್ಮ ಕೈಗೆ ಬರೋತನಕ.

ನಾವು ನಾಲ್ಕು ಜನ ಐಟಿ ಗೆಳೆಯರು ಸೇರಿ ಒಂದು ಮಹೀಂದ್ರಾ ಎಫ್‌ಸಿ ವ್ಯಾನ್ ತಗೊಂಡ್ವಿ. ಮೂಗಿಲ್ಲದ ಗಾಡಿ, ಡ್ರೈವರ್ ಇಂಜಿನ್ ಮೇಲೇ ಕೂತಿರ್ತಾನೆ. ಫೋರ್ ವೀಲ್ ಡ್ರೈವ್. ಅದಕ್ಕೆ ಫಾರ್ಚುನರ್‌ನ ಹಳೇ ಅಲಾಯ್ ಚಕ್ರ ಹಾಕಿದ್ರೆ ಹೇಗೆ ಅಂತ ಒಬ್ಬನಿಗೆ ಅನ್ನಿಸ್ತು. ಫಾರ್ಚುನರ್ ನಮ್ಮ ಬಿಡದಿಯ ಗಾಡಿ, ಆ ಅಭಿಮಾನ ಬೇರೆ! ಜೀಪ್ ಹಬ್‌ನಲ್ಲಿ ಐದು ಸ್ಟಡ್, ಫಾರ್ಚುನರ್ ಚಕ್ರದಲ್ಲಿ ಆರು ತೂತು. ನಡುವೆ ಒಂದು ಅಡಾಪ್ಟರ್ ಹಾಕಿದ್ರೆ ಮುಗೀತು ಅಂದ್ರು. ಮುಗೀಲಿಲ್ಲ. ಯಾಕೆ ಅಂತ ತಿಳಿಯಬೇಕಾದ್ರೆ ಮಜಗಾಂವ್‌ಗೆ ಹೋಗಬೇಕು.

1945ರ ಅಕ್ಟೋಬರ್ 2ರಂದು ಮಹೀಂದ್ರಾ ಅಂಡ್ ಮೊಹಮ್ಮದ್ ಅಂತ ಒಂದು ಕಂಪನಿ ಶುರುವಾಯ್ತು. ಜೆ.ಸಿ. ಮಹೀಂದ್ರಾ, ಕೆ.ಸಿ. ಮಹೀಂದ್ರಾ ಸಹೋದರರು, ಜೊತೆಗೆ ಮಲಿಕ್ ಗುಲಾಂ ಮೊಹಮ್ಮದ್. ದೇಶ ವಿಭಜನೆ ಆದಾಗ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ ಕೂಡ ಆದರು. ಇಲ್ಲಿ ಕಂಪನಿಯ ಹೆಸರು 1948ರಲ್ಲಿ ಮಹೀಂದ್ರಾ ಅಂಡ್ ಮಹೀಂದ್ರಾ ಆಯ್ತು. ಅಮೆರಿಕದಿಂದ ವಿಲ್ಲಿಸ್ ಜೀಪ್‌ಗಳು ಬಿಡಿಬಿಡಿ ಭಾಗಗಳಾಗಿ ಪೆಟ್ಟಿಗೆಯಲ್ಲಿ ಬಂದರಿಗೆ ಬರ್ತಿದ್ವು, ಹಡಗುಕಟ್ಟೆ ಪಕ್ಕದ ಮಜಗಾಂವ್‌ನಲ್ಲಿ ಜೋಡಣೆ. ಆಮೇಲೆ ಕೆಲಸ ಕಾಂದಿವಲಿ ಕಡೆ ಬೆಳೀತು.

ಆ ಪೆಟ್ಟಿಗೆಗಳ ಜೊತೆ ಒಂದು ಅಳತೆಯೂ ಇಳೀತು ನೋಡಿ. ಜೀಪ್ ಚಕ್ರದ ಐದು ತೂತುಗಳ ಕೇಂದ್ರಗಳ ಮೇಲೆ ಒಂದು ವೃತ್ತ ಎಳೆದರೆ ಅದರ ವ್ಯಾಸ ಐದೂವರೆ ಇಂಚು. ಯುದ್ಧಕಾಲದ ಜೀಪ್ ಹಿಂದೆ ಎಳೀತಿದ್ದ ಪುಟ್ಟ ಟ್ರೇಲರ್‌ಗೂ ಅದೇ ಚಕ್ರ. ಟ್ರೇಲರ್ ಪಂಕ್ಚರ್ ಆದ್ರೆ ಜೀಪಿನ ಸ್ಟೆಪ್ನಿ ಹಾಕು, ಜೀಪ್ ಪಂಕ್ಚರ್ ಆದ್ರೆ ಟ್ರೇಲರ್‌ದು ಬಿಚ್ಚು. ಯಾವ ಚಕ್ರ ಬೇಕಾದರೂ ಎಲ್ಲಿ ಬೇಕಾದರೂ ಕೂರಬೇಕು, ನಡುವೆ ಏನೂ ಇರಬಾರದು ಅನ್ನೋದೇ ಅದರ ವಿನ್ಯಾಸ.

ಭಾರತ 1956ರಲ್ಲಿ ಮೆಟ್ರಿಕ್ ಅಳತೆಯ ಕಾಯ್ದೆ ಮಾಡಿತು. ಸೇರು ಹೋಗಿ ಕಿಲೋ ಬಂತು, ಆದರೆ ಜೀಪಿನ ಹಬ್ ಇಂಚಿನಲ್ಲೇ ಉಳೀತು. 1985ರಲ್ಲಿ ಮಾರುತಿ ಜಿಪ್ಸಿ ಬಂತಲ್ಲ, ಜಪಾನಿನ ವಿನ್ಯಾಸ, ಪೂರ್ತಿ ಮಿಲಿಮೀಟರ್ ಲೆಕ್ಕ. ಅದರ ತೂತಿನ ವೃತ್ತ 139.7 ಮಿ.ಮೀ. ಇದೆಂಥಾ ವಿಚಿತ್ರ ಸಂಖ್ಯೆ ಅಂತ ಐದೂವರೆಯನ್ನ 25.4ರಿಂದ ಗುಣಿಸಿ ನೋಡಿ, ಸರಿಯಾಗಿ ಅದೇ ಬರುತ್ತೆ. ಇಂಚು ವೇಷ ಬದಲಿಸಿಕೊಂಡು ಕೂತಿದೆ ಅಷ್ಟೇ. ಫಾರ್ಚುನರ್‌ದೂ 139.7, ಆದರೆ ತೂತು ಆರು.

ನಾವು ಬಿದ್ದದ್ದು ಇಲ್ಲೇ. ವೃತ್ತ ಒಂದೇ, ಐದಕ್ಕೂ ಆರಕ್ಕೂ ಒಂದೇ ವ್ಯತ್ಯಾಸ ಅಂದ್ಕೊಂಡ್ವಿ. ಎಂಜಿನಿಯರ್‌ಗಳಲ್ವಾ, ಪೆನ್ನು ತಗೊಂಡು ಲೆಕ್ಕ ಹಾಕಬೇಕಿತ್ತು. ಐದು ತೂತು 72 ಡಿಗ್ರಿಗೊಂದು, ಆರು ತೂತು 60 ಡಿಗ್ರಿಗೊಂದು. ಒಂದೇ ವೃತ್ತದಲ್ಲಿ ಎರಡನ್ನೂ ಇಟ್ಟು ನೀವು ಹೇಗೇ ತಿರುಗಿಸಿ, ಎಲ್ಲೋ ಒಂದು ಜೋಡಿ 6 ಡಿಗ್ರಿ ಅಥವಾ ಅದಕ್ಕೂ ಹತ್ತಿರ ಬಂದೇ ಬರುತ್ತೆ. ಅಂದ್ರೆ ಕೇಂದ್ರದಿಂದ ಕೇಂದ್ರಕ್ಕೆ ಬರೀ ಏಳು ಮಿಲಿಮೀಟರ್ ಚಿಲ್ಲರೆ. ಸ್ಟಡ್ಡೇ ಹನ್ನೆರಡು ಮಿಲಿಮೀಟರ್ ದಪ್ಪ! ಹಾಗಾಗಿ ಹಳೇ ನಟ್ ಒಳಗಿನ ಪದರದಲ್ಲಿ, ಹೊಸ ಸ್ಟಡ್ ಹೊರಗಿನ ಪದರದಲ್ಲಿ ಅಂತ ಅಡಾಪ್ಟರನ್ನ ದಪ್ಪ ಮಾಡಲೇಬೇಕು. ವೃತ್ತ ಬೇರೆಬೇರೆ ಇದ್ದಿದ್ರೆ ಇದಕ್ಕಿಂತ ಸುಲಭವಾಗ್ತಿತ್ತು.

ಕುರ್ಲಾದ ಸಿಎಸ್‌ಟಿ ರೋಡ್ ನೋಡಿದೀರಲ್ಲ, ಹಳೇ ಗಾಡಿಗಳ ಬಿಡಿಭಾಗದ ಬಜಾರು. ಅಲ್ಲೆಲ್ಲ ಸುತ್ತಾಡಿ ಕೊನೆಗೆ ಒಂದು ಲೇತ್ ಅಂಗಡಿಯಲ್ಲಿ ಎರಡು ಇಂಚು ದಪ್ಪದ ಜೋಡಿ ಮಾಡಿಸಿದ್ವಿ. ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಮುಂದಿನ ಹಬ್ ಹೊರಗೆ ಚಾಚಿಕೊಂಡಿತ್ತು, ಚಕ್ರ ಕೂರ್ತಾ ಇರಲಿಲ್ಲ. ‘ಚಲ್ತಾ ಹೈ ಸಾಬ್’ ಅಂದ ಆ ಅಂಗಡಿಯವನು.

ಹಳೇ ಚಕ್ರ ಬಿಚ್ಚುವಾಗಲೇ ಮೊದಲ ಪೆಟ್ಟು ಬಿತ್ತು. ಬಲಗಡೆ ಸಲೀಸಾಗಿ ಬಂತು. ಎಡಗಡೆ ನಟ್ ಅಲ್ಲಾಡಲ್ಲ. ಹುಡುಗ ಪಾನಾಕ್ಕೆ ಪೈಪ್ ಸಿಕ್ಕಿಸಿ ಜೋತುಬಿದ್ದ, ಸ್ಟಡ್ ಟಕ್ ಅಂತ ಮುರೀತು. ಹಳೇ ವಿಲ್ಲಿಸ್ ಗಾಡಿಗಳ ಎಡಬದಿಗೆ ಉಲ್ಟಾ ಥ್ರೆಡ್ ಇರುತ್ತೆ ಸ್ನೇಹಿತರೇ. ಚಕ್ರ ಮುಂದೆ ತಿರುಗುವಾಗ ನಟ್ ತಾನಾಗಿ ಸಡಿಲ ಆಗಬಾರದು ಅಂತ ಮಾಡಿದ ವ್ಯವಸ್ಥೆ. ನಾವು ಬಿಚ್ತಾ ಇದೀವಿ ಅಂದ್ಕೊಂಡು ಬಿಗೀತಾ ಇದ್ವಿ.

ಎರಡನೇ ಪೆಟ್ಟು ಕರ್ಜತ್ ಹತ್ತಿರದ ಕೆಸರಲ್ಲಿ. ಈ ಗಾಡಿಗಳಲ್ಲಿ ಫೋರ್ ವೀಲ್ ಹಾಕಿದರೆ ಮುಂದಿನ, ಹಿಂದಿನ ಶಾಫ್ಟ್ ಎರಡೂ ಒಂದಕ್ಕೊಂದು ಕಟ್ಟಿಬೀಳ್ತವೆ, ನಡುವೆ ಡಿಫರೆನ್ಷಿಯಲ್ ಇಲ್ಲ. ನಮ್ಮ ಮುಂದಿನ 6.00-16 ಟೈರಿನ ಎತ್ತರ ಸುಮಾರು 72 ಸೆಂ.ಮೀ., ಹಿಂದಿನ 265/65 ಆರ್17 ಟೈರ್‌ದು 77ರ ಮೇಲೆ. ಒಂದು ಸುತ್ತಿಗೆ ಹದಿನೈದು ಸೆಂಟಿಮೀಟರ್‌ಗೂ ಹೆಚ್ಚು ವ್ಯತ್ಯಾಸ. ಕೆಸರಲ್ಲಿ ಚಕ್ರ ಜಾರಿ ಸರಿಹೋಗುತ್ತೆ. ಡಾಂಬರಿಗೆ ಹತ್ತಿದ ತಕ್ಷಣ ಗೇರುಗಳು ಒಂದನ್ನೊಂದು ತಿರುಚೋಕೆ ಶುರುಮಾಡಿದ್ವು, ಲಿವರ್ ಹೊರಗೇ ಬರಲಿಲ್ಲ. ಸ್ವಲ್ಪ ದೂರ ರಿವರ್ಸ್ ಹೋದಮೇಲೆ ಬಿಡ್ತು.

ಮೂರನೇದು ಹೇಳೋಕೆ ನಾಚಿಕೆ. ಅಡಾಪ್ಟರ್ ಹಾಕಿದ ಮೇಲೆ ನೂರು ಕಿಲೋಮೀಟರ್ ಒಳಗೆ ನಟ್‌ಗಳನ್ನ ಮತ್ತೆ ಬಿಗೀಬೇಕು. ಒಳಗಿನ ನಟ್ ನೋಡಬೇಕಾದರೆ ಚಕ್ರ ಬಿಚ್ಚಬೇಕು, ಅದಕ್ಕೇ ಯಾರೂ ನೋಡಲ್ಲ. ನಾವೂ ನೋಡಲಿಲ್ಲ. ಘೋಡ್‌ಬಂದರ್ ರೋಡಲ್ಲಿ ಹಿಂದಿನಿಂದ ಟಿಕ್ ಟಿಕ್ ಶಬ್ದ, ಗಾಡಿಯಲ್ಲಿ ಮೂರು ಮಕ್ಕಳು. ‘ಪಪ್ಪಾ, ಏನೋ ಕುಣೀತಿದೆ’ ಅಂದಿದ್ದು ನನ್ನ ಮಗಳು. ನಿಲ್ಲಿಸಿ ಬಿಚ್ಚಿದರೆ ಎಡ ಹಿಂದಿನ ಚಕ್ರದ ಐದರಲ್ಲಿ ಮೂರು ನಟ್ ಕೈಯಲ್ಲೇ ತಿರುಗ್ತಿದ್ವು.

ಆಮೇಲೆ ಈ ಎಫ್‌ಸಿ ಇತಿಹಾಸ ಓದೋಕೆ ಕೂತೆ. ಮಹೀಂದ್ರಾ ಇದನ್ನ ಇಲ್ಲಿ 1965ರಲ್ಲಿ ತಂತು, ಮೂಲ ಅಮೆರಿಕದ ವಿಲ್ಲಿಸ್ ಎಫ್‌ಸಿ-150, ಬ್ರೂಕ್ಸ್ ಸ್ಟೀವನ್ಸ್ ವಿನ್ಯಾಸ. ಸಣ್ಣ ಜೀಪಿನ ಆಕ್ಸಲ್ ಮೇಲೆ ಎತ್ತರದ ಬಾಡಿ ಕೂರಿಸಿದ್ರು, ಎಡಬಲ ಚಕ್ರಗಳ ನಡುವೆ ಬರೀ 48 ಇಂಚು. ತೀರಾ ಕಿರಿದು ಅಂತ 1958ರಲ್ಲಿ 57 ಇಂಚಿಗೆ ಅಗಲ ಮಾಡಿದ್ರು. ನಮ್ಮ ಹಾಗೆ ಚಕ್ರವನ್ನ ಹೊರಗೆ ತಳ್ಳಲಿಲ್ಲ ಅವರು, ಆಕ್ಸಲ್ಲನ್ನೇ ಅಗಲದ್ದು ಹಾಕಿದ್ರು. ಚಕ್ರ ಹೊರಗೆ ಹೋದಷ್ಟೂ ಬೇರಿಂಗ್ ಮೇಲೆ ಸನ್ನೆಕೋಲಿನ ಹಾಗೆ ಭಾರ ಜಾಸ್ತಿ ಅನ್ನೋದು ಅವರಿಗೆ ಗೊತ್ತಿತ್ತು.

ಕಾನೂನು ಕೇಳ್ತೀರಿ ಅಂತ ಗೊತ್ತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಿಸಬಾರದು ಅನ್ನುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಖಡಕ್ಕಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಕೂಡ ಆಗಬಹುದು. ನನ್ನ ಕೇಳಿದ್ರೆ ದಂಡಕ್ಕಿಂತ ಆ ಮೂರು ನಟ್ ಸಾಕು.

ಈಗ ವ್ಯಾನ್‌ಗೆ ಅದರ ಹಳೇ ಹದಿನಾರಿಂಚಿನ ಡಿಸ್ಕ್‌ಗಳೇ ವಾಪಸ್ ಬಂದಿವೆ, ಎಡಗಡೆ ಹಬ್ ಮೇಲೆ ಬಿಳಿ ಪೇಂಟಲ್ಲಿ ‘ಉಲ್ಟಾ’ ಅಂತ ಕನ್ನಡದಲ್ಲೂ ಹಿಂದಿಯಲ್ಲೂ ಬರೆಸಿದೀವಿ. ಬಿಡದಿಯ ಅಲಾಯ್ ಎರಡೂ ಐರೋಲಿಯ ನಮ್ಮ ಬಿಲ್ಡಿಂಗ್ ಮೆಟ್ಟಿಲ ಕೆಳಗೆ ಮಲಗಿವೆ, ಸೊಸೈಟಿ ಸೆಕ್ರೆಟರಿ ಎರಡು ಸಲ ನೋಟಿಸ್ ಕೊಟ್ಟಾಗಿದೆ. ಯಾರಿಗಾದ್ರೂ ಫಾರ್ಚುನರ್‌ಗೆ ಬೇಕಿದ್ರೆ ಹೇಳಿ. ಮುಂದಿನ ಸಲ ಕಾಂದಿವಲಿಯ ಟ್ರ್ಯಾಕ್ಟರ್ ಕಥೆ ಹೇಳ್ತೀನಿ, ಸಿಗೋಣ.