ಶಿರಸಿ ಸೀಮೆಯ ಪಿಕಪ್ ವಾಹನಗಳು

ಉತ್ತರ ಕನ್ನಡದ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಅಡಿಕೆ, ಬಾಳೆಗೊನೆ, ಗೊಬ್ಬರ, ದರಕು (ಒಣಗಿದ ಎಲೆ), ಚಿರೆಕಲ್ಲು ಸಾಗಿಸುವ ತೆರೆದ ಬಾಡಿಯ ಹಗುರ ಸರಕು ವಾಹನಗಳು. ಹೇರೂ ಸೇರಿ 3.5 ಟನ್ ಮೀರದ ಸರಕು ವಾಹನಗಳನ್ನು ಭಾರತದ ನಿಯಮಗಳು ಎನ್1 ವರ್ಗದಲ್ಲಿಟ್ಟಿವೆ. ಇಲ್ಲಿಯ ಪಿಕಪ್‌ಗಳು ಬಹುಪಾಲು ಈ ವರ್ಗದವೇ.

ಚಿಕ್ಕದರಲ್ಲಿ ಹೆಸರಾದದ್ದು 2005ರಲ್ಲಿ ಬಂದ ಟಾಟಾ ಏಸ್. ಮೊದಲ ಮಾದರಿಗೆ 702 ಸಿಸಿಯ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್, 16 ಅಶ್ವಶಕ್ತಿ, ಮುಕ್ಕಾಲು ಟನ್ ಹೇರು. 2011ರ ಅಶೋಕ್ ಲೇಲ್ಯಾಂಡ್ ದೋಸ್ತ್ ನಡುವಿನದು: ಮೂರು ಸಿಲಿಂಡರ್, 1.5 ಲೀಟರ್, ಒಂದೂಕಾಲು ಟನ್. ಮಹೀಂದ್ರ ಬೊಲೆರೋ ಪಿಕಪ್ ಇವೆರಡಕ್ಕಿಂತ ದೊಡ್ಡದು. ಅದರ 2.5 ಲೀಟರಿನ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್‌ಗೆ ಸುಮಾರು 75 ಅಶ್ವಶಕ್ತಿಯಷ್ಟೇ ಇದ್ದರೂ ಎಳೆತ 200 ನ್ಯೂಟನ್ ಮೀಟರಿನ ಆಸುಪಾಸು. ಬೊಲೆರೋದ ಮ್ಯಾಕ್ಸ್ ಸರಣಿಯಲ್ಲಿ ಹೇರು ಎರಡು ಟನ್‌ವರೆಗೆ, ಬಾಡಿಯ ಉದ್ದ ಹತ್ತು ಅಡಿವರೆಗೆ ಇದೆ. ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಹೈಲಕ್ಸ್‌ಗೆ 2.8 ಲೀಟರ್ ಎಂಜಿನ್, 200ಕ್ಕೂ ಮಿಕ್ಕಿದ ಅಶ್ವಶಕ್ತಿ ಇದ್ದರೂ ಹೊರುವುದು ಅರ್ಧ ಟನ್ನಿಗೂ ಕಡಿಮೆ. ತೋಟದ ದುಡಿಮೆಗೆ ಅದು ಲೆಕ್ಕಕ್ಕಿಲ್ಲ.

ಯಾವ ಗಾಡಿ ಬೇಕೆಂಬುದನ್ನು ಇಲ್ಲಿ ತೀರ್ಮಾನಿಸುವುದು ಹೇರಿನ ಗುಣ. ಸೊಪ್ಪಿನಬೆಟ್ಟದ ದರಕಿಗೆ ತೂಕವಿಲ್ಲ, ಗಾತ್ರವೇ ಎಲ್ಲ. ಬಾಡಿ ಉದ್ದವಿದ್ದಷ್ಟೂ ಬಾಡಿಗೆ ಉಳಿಯುತ್ತದೆ. ಚಿರೆಕಲ್ಲು ಇದಕ್ಕೆ ತದ್ವಿರುದ್ಧ. ಏಸ್‌ನ ಬಾಡಿಯಲ್ಲಿ ಒಂದು ಹಾಸು ಜೋಡಿಸಿ ಮುಗಿಯುವ ಮೊದಲೇ ತೂಕದ ಮಿತಿ ದಾಟಿರುತ್ತದೆ. ಒಣ ಅಡಿಕೆಯ ಚೀಲಗಳನ್ನು ಶಿರಸಿಯ ಮಾರುಕಟ್ಟೆಗೋ, 1923ರಲ್ಲಿ ಸ್ಥಾಪನೆಯಾದ ತೋಟಗಾರ್ಸ್ ಸೇಲ್ ಸೊಸೈಟಿಗೋ ಒಯ್ಯಲು ಬೊಲೆರೋ ಅನುಕೂಲ. ಆದರೆ ಮನೆಯಂಗಳಕ್ಕೆ ಇಳಿಯುವ ಕಿರಿದಾದ ಮಣ್ಣುದಾರಿ, ಹಳ್ಳದ ಸಂಕ, ತಿರುಗಿಸಲು ಜಾಗವಿಲ್ಲದ ಅಂಚು ಇವೆಲ್ಲ ಇರುವಲ್ಲಿ ಏಸ್‌ನದೇ ಮೇಲುಗೈ.

ಘಟ್ಟ ಏರುವಾಗ ಲೆಕ್ಕಕ್ಕೆ ಬರುವುದು ಅಶ್ವಶಕ್ತಿಗಿಂತ ಕಡಿಮೆ ವೇಗದಲ್ಲಿ ಸಿಗುವ ಎಳೆತ. ಕುಮಟಾದಿಂದ ದೇವಿಮನೆ ಘಟ್ಟ, ಅಂಕೋಲಾದಿಂದ ಅರಬೈಲ್ ಘಟ್ಟ, ಸಿದ್ದಾಪುರದತ್ತ ದೊಡ್ಮನೆ ಘಟ್ಟ ಹತ್ತುವ ಹೇರುಗಾಡಿಗೆ ಬಹಳ ಹೊತ್ತು ಕೆಳಗಿನ ಗೇರೇ ಗತಿ. ಕಂಪನಿ ಹೇಳುವ ಮೈಲೇಜ್ ಇಲ್ಲಿ ಸಿಗುವುದಿಲ್ಲ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುವವರಿದ್ದಾರೆ. ಇದು ಅಪಾಯ ಮಾತ್ರವಲ್ಲ, ನಷ್ಟವೂ ಹೌದು: ಈಗಿನ ಕಾಮನ್ ರೈಲ್ ಎಂಜಿನ್ ಗೇರಿನಲ್ಲಿದ್ದು ಎಕ್ಸಲರೇಟರ್ ಬಿಟ್ಟಾಗ ಇಂಧನ ಪೂರೈಕೆಯನ್ನೇ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲಿ ಎಂಜಿನ್ ಸುಮ್ಮನೆ ಓಡಲಿಕ್ಕೂ ಡೀಸೆಲ್ ಬೇಕು, ಮೇಲಾಗಿ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು ಅದು ಕಾಯುತ್ತದೆ.

ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಲೆಕ್ಕದಲ್ಲಿ ಏಸ್ ಗೆಲ್ಲುತ್ತದೆ. ಒಂದು ಟನ್ ಸಾಗಿಸಲು ಎಷ್ಟು ಡೀಸೆಲ್ ಎಂದು ಕೇಳಿದರೆ ಗೆಲ್ಲುವುದು ಬೊಲೆರೋ: ತುಂಬಿದ ಬೊಲೆರೋ ಒಮ್ಮೆ ಒಯ್ಯುವುದಕ್ಕೆ ಏಸ್ ಎರಡು ಮೂರು ಸಲ ಓಡಬೇಕು, ಪ್ರತಿ ಸಲ ಖಾಲಿ ಮರಳಬೇಕು. ಬಾಡಿಗೆ ಓಡಿಸುವವರಿಗೆ ಈ ಎರಡನೆಯ ಲೆಕ್ಕವೇ ಸರಿ.

ಮಿತಿ ಮೀರಿ ಹೇರಿದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ 20,000 ರೂಪಾಯಿ ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000. ಒಟ್ಟು ತೂಕ 7,500 ಕೆ.ಜಿ. ಮೀರದ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸ್‌ನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಎತ್ತಿಹಿಡಿದಿದೆ.