ಮೊನಾಕೊದ ಬೀದಿಯಲ್ಲಿ ಮೋಟಾರು ಪಂದ್ಯ

ಮೊನಾಕೊ ಗ್ರ್ಯಾನ್ ಪ್ರಿ ಹುಟ್ಟಿದುದು ತಿರಸ್ಕೃತವಾದ ಒಂದು ಅರ್ಜಿಯಿಂದ. ಮೋಟಾರು ಪಂದ್ಯಗಳ ಪೈಕಿ ಅಗ್ರಗಣ್ಯವೆಂದು ಇಂದು ಲೋಕವೆಲ್ಲ ಒಪ್ಪಿರುವ ಈ ಉತ್ಸವದ ಪೂರ್ವೋತ್ತರವನ್ನು ಅರಿಯಬೇಕಾದರೆ, ಎಂಜಿನುಗಳ ಆರ್ಭಟವನ್ನು ಸ್ವಲ್ಪ ಹೊತ್ತು ಬದಿಗಿರಿಸಿ, ಆ ಪುಟ್ಟ ಸಂಸ್ಥಾನದ ಭೂಗೋಳವನ್ನೂ ಅದರ ಬೊಕ್ಕಸವನ್ನೂ ಮೊದಲು ನೋಡಬೇಕಾಗುತ್ತದೆ.

ಫ್ರಾನ್ಸಿನ ಆಗ್ನೇಯ ತೀರದಲ್ಲಿ, ಆಲ್ಪ್ಸ್ ಪರ್ವತಶ್ರೇಣಿಯ ಕಡೆಯ ಬಂಡೆಗಳು ಮೆಡಿಟರೇನಿಯನ್ ಸಮುದ್ರಕ್ಕೆ ಕಡಿದಾಗಿ ಇಳಿಯುವೆಡೆಯಲ್ಲಿ, ಸುಮಾರು 2 ಚದರ ಕಿಲೋಮೀಟರು ನೆಲದ ಮೇಲೆ ಗ್ರಿಮಾಲ್ಡಿ ವಂಶದವರು ಆಳುತ್ತ ಬಂದಿರುವ ರಾಜ್ಯವಿದು. 1297ರಲ್ಲಿ ಆ ವಂಶದವನೊಬ್ಬನು ಸಂನ್ಯಾಸಿಯ ವೇಷದಲ್ಲಿ ಬಂದು ಕೋಟೆಯನ್ನು ವಶಪಡಿಸಿಕೊಂಡನೆಂಬುದು ಪ್ರತೀತಿ. ಕತ್ತಿ ಹಿಡಿದ ಇಬ್ಬರು ಸಂನ್ಯಾಸಿಗಳು ಇಂದಿಗೂ ಅವರ ರಾಜಲಾಂಛನದಲ್ಲಿ ನಿಂತಿದ್ದಾರೆ. ರಾಜ್ಯವು ಮೊದಲಿನಿಂದಲೂ ಇಷ್ಟು ಕಿರಿದಾಗಿರಲಿಲ್ಲ. ನಿಂಬೆ, ಆಲಿವ್ ತೋಟಗಳಿದ್ದ ಮಾಂತೋನ್ ಮತ್ತು ರೋಕ್‌ಬ್ರೂನ್ ಎಂಬ ಎರಡು ಊರುಗಳು ದಂಗೆಯೆದ್ದು ಕೈಬಿಟ್ಟುಹೋಗಿ, 1861ರ ಒಪ್ಪಂದದಿಂದ ಫ್ರಾನ್ಸಿಗೆ ಸೇರಿದ ಮೇಲೆ, ಉಳಿದುದು ಒಂದು ಬಂಡೆ, ಒಂದು ಬಂದರು, ಮತ್ತು ಎದುರಿನ ಬರಡು ಗುಡ್ಡ ಮಾತ್ರ. ಕಂದಾಯ ಹುಟ್ಟದ ಆ ಗುಡ್ಡದ ಮೇಲೆಯೇ ಜೂಜಿನ ಮಂದಿರವನ್ನು ನೆಲೆಗೊಳಿಸಲು 1863ರಲ್ಲಿ ಕಂಪನಿಯೊಂದು ಸ್ಥಾಪಿತವಾಯಿತು. ದೊರೆಯಾದ ಮೂರನೆಯ ಚಾರ್ಲ್ಸನ ಹೆಸರಿನಿಂದ ಗುಡ್ಡವು ಮಾಂಟಿ ಕಾರ್ಲೊ ಎನಿಸಿತು. 1868ರಲ್ಲಿ ರೈಲು ಬಂದಿತು. ಮರುವರ್ಷವೇ ಪ್ರಜೆಗಳ ಮೇಲಿನ ತೆರಿಗೆಗಳನ್ನು ಎತ್ತಿಹಾಕುವಷ್ಟು ಹಣ ಸೇರಿತು. ಅಂದಿನಿಂದ ಮೊನಾಕೊದ ರಾಜ್ಯನೀತಿಯೆಂದರೆ ಹೊರಗಿನ ಸಿರಿವಂತರನ್ನು ಬರಮಾಡಿಕೊಳ್ಳುವುದೇ ಆಗಿದೆ. ಮೋಟಾರು ಪಂದ್ಯವೂ ಆ ನೀತಿಯ ಒಂದು ಶಾಖೆಯೆಂದರೆ ತಪ್ಪಾಗದು.

1890ರಲ್ಲಿ ಸೈಕಲ್ ಸವಾರರ ಸಂಘವಾಗಿ ಮೊದಲಾದ ಅಲ್ಲಿನ ಕ್ಲಬ್ಬು, ಕಾಲಕ್ರಮದಲ್ಲಿ ಮೋಟಾರುಗಳನ್ನೂ ತನ್ನ ಹೆಸರಿನೊಳಗೆ ಸೇರಿಸಿಕೊಂಡು, 1911ರಲ್ಲಿ ಮಾಂಟಿ ಕಾರ್ಲೊ ರ‍್ಯಾಲಿಯನ್ನು ಆರಂಭಿಸಿತು. ಜನವರಿಯ ಚಳಿಯಲ್ಲಿ ಯೂರೋಪಿನ ಬೇರೆಬೇರೆ ನಗರಗಳಿಂದ ಹೊರಟ ಗಾಡಿಗಳು ಹಿಮವನ್ನೂ ಕೆಸರನ್ನೂ ದಾಟಿ ಈ ಬಿಸಿಲುತೀರಕ್ಕೆ ಬಂದು ಸೇರುವುದೇ ಅದರ ಕ್ರಮ. ಹೋಟೆಲುಗಳ ಕೋಣೆಗಳನ್ನು ತುಂಬಿಸುವ ಉಪಾಯವೂ ಅದಾಗಿದ್ದಿತು. 1925ರಲ್ಲಿ ಆ ಕ್ಲಬ್ಬು ತನ್ನನ್ನು ಒಂದು ರಾಷ್ಟ್ರದ ಪ್ರತಿನಿಧಿಯಾಗಿ ಅಂಗೀಕರಿಸಬೇಕೆಂದು ಪ್ಯಾರಿಸಿನಲ್ಲಿದ್ದ ಅಂತಾರಾಷ್ಟ್ರೀಯ ಮೋಟಾರು ಸಂಘಕ್ಕೆ ಅರ್ಜಿ ಹಾಕಿದಾಗ ಬಂದ ಉತ್ತರ ಅವಮಾನಕರವಾಗಿದ್ದಿತು: ರ‍್ಯಾಲಿ ಓಡುವುದೆಲ್ಲ ಪರದೇಶಗಳ ರಸ್ತೆಗಳಲ್ಲಿ, ಮೊನಾಕೊದಲ್ಲಿ ಅದು ಬಂದು ನಿಲ್ಲುವುದಷ್ಟೆ, ಸ್ವಂತ ಸೀಮೆಯೊಳಗೆ ಪಂದ್ಯವೊಂದನ್ನು ನಡೆಯಿಸದ ಸಂಸ್ಥೆಯನ್ನು ರಾಷ್ಟ್ರೀಯವೆಂದು ಒಪ್ಪುವುದು ಹೇಗೆ? ಆಕ್ಷೇಪಣೆ ನ್ಯಾಯವಾದುದೇ. ಆದರೆ ನಡೆದೇ ಒಂದು ಗಂಟೆಯೊಳಗೆ ದಾಟಬಹುದಾದ ರಾಜ್ಯದಲ್ಲಿ, ಅದೂ ಮನೆಗಳಿಂದ ಕಿಕ್ಕಿರಿದ ಬೆಟ್ಟದ ಇಳಿಜಾರಿನಲ್ಲಿ, ಪಂದ್ಯಕ್ಕೆಂದು ಬೇರೊಂದು ಮಾರ್ಗವನ್ನು ಹಾಕಲು ನೆಲವೆಲ್ಲಿ? ಕ್ಲಬ್ಬಿನ ಅಧ್ಯಕ್ಷರ ಮಗನಾದ ಆಂಟನಿ ನೋಗೆಸ್ ಬೀದಿಬೀದಿಯನ್ನು ಅಳೆದು ನೋಡಿ, ಊರಿನ ರಸ್ತೆಗಳೇ ಕಣವಾಗಲೆಂದು ನಿಶ್ಚಯಿಸಿದನು. ಮೊನಾಕೊದಲ್ಲೇ ಹುಟ್ಟಿ ಆಗಲೇ ಹೆಸರು ಗಳಿಸಿದ್ದ ಚಾಲಕ ಲೂಯಿ ಶಿರೋನನು ಅವನ ಬೆಂಬಲಕ್ಕೆ ನಿಂತನು.

1929ರ ಏಪ್ರಿಲ್ 14ರಂದು ಮೊದಲ ಪಂದ್ಯ ನಡೆಯಿತು. ಸುತ್ತಿನ ಉದ್ದ 3.18 ಕಿಲೋಮೀಟರು; ಸುತ್ತುಗಳು 100; ಗಾಡಿಗಳು 16. ಯಾರು ಮುಂದೆ ಯಾರು ಹಿಂದೆ ನಿಲ್ಲಬೇಕೆಂಬುದನ್ನು ಚೀಟಿಯೆತ್ತಿ ನಿರ್ಣಯಿಸಿದರು. ಬೀದಿಯಲ್ಲಿ ಟ್ರಾಮಿನ ಕಂಬಿಗಳು ಹಾಗೆಯೇ ಇದ್ದುವು. ಕಾಲುದಾರಿಯ ಕಲ್ಲಂಚು, ದೀಪದ ಕಂಬ, ಅಂಗಡಿಯ ಗೋಡೆ, ಬಂದರಿನ ಕಡೆ ತಡೆಯಿಲ್ಲದ ಕಟ್ಟೆಯಂಚು, ಇವೇ ಕಣದ ಎಲ್ಲೆಗಳು. ಏಳು ಲೀಟರಿಗೂ ಮೀರಿದ ಎಂಜಿನಿನ ಬೃಹತ್ತಾದ ಮರ್ಸಿಡಿಸ್ ಗಾಡಿಯಲ್ಲಿ ಜರ್ಮನಿಯ ರುಡಾಲ್ಫ್ ಕರಾಚ್ಚಿಯೋಲ ಹಿಂದಿನ ಸಾಲಿನಿಂದ ಮುನ್ನುಗ್ಗಿ ಬಂದುದು ಅದ್ಭುತವೆನಿಸಿದರೂ, ಅಷ್ಟು ಭಾರವನ್ನು ಈ ಕೊಂಕುಬೀದಿಗಳಲ್ಲಿ ತಿರುಗಿಸಿ ತಿರುಗಿಸಿ ಸವೆದ ಟೈರುಗಳನ್ನು ಬದಲಿಸಿ ಪೆಟ್ರೋಲು ತುಂಬಿಸುವುದರಲ್ಲಿ ನಾಲ್ಕು ನಿಮಿಷಕ್ಕೂ ಮೀರಿ ಹೊತ್ತು ಕಳೆದು, ಅವನು ಮೂರನೆಯವನಾದನು. ಗೆದ್ದುದು ಹಸಿರು ಬಣ್ಣದ ಲಘುವಾದೊಂದು ಬುಗಾಟಿ. 3 ಗಂಟೆ 56 ನಿಮಿಷಗಳ ಓಟ, ಗಂಟೆಗೆ 80 ಕಿಲೋಮೀಟರಿನಷ್ಟು ಸರಾಸರಿ ವೇಗ. ಅದರ ಚಾಲಕನು ‘ವಿಲಿಯಮ್ಸ್’ ಎಂದಷ್ಟೇ ಹೆಸರು ಬರೆಯಿಸಿದ್ದನು. ವಿಲಿಯಮ್ ಗ್ರೋವರ್-ವಿಲಿಯಮ್ಸ್ ಎಂಬ ಈತ ಆಂಗ್ಲ ತಂದೆಗೂ ಫ್ರೆಂಚ್ ತಾಯಿಗೂ ಹುಟ್ಟಿದವನು. ಒಮ್ಮೆ ಚಿತ್ರಕಾರ ವಿಲಿಯಮ್ ಆರ್ಪೆನ್ನನ ಗಾಡಿ ಓಡಿಸುತ್ತಿದ್ದವನು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಗುಪ್ತಚರನಾಗಿ ಫ್ರಾನ್ಸಿನಲ್ಲಿ ದುಡಿದು, 1943ರಲ್ಲಿ ಜರ್ಮನರಿಗೆ ಸೆರೆಸಿಕ್ಕಿ, ಸಾಕ್ಸನ್‌ಹೌಸನ್ ಶಿಬಿರದಲ್ಲಿ ಕೊಲ್ಲಲ್ಪಟ್ಟನು. ಪಂದ್ಯದ ಚರಿತ್ರೆಯನ್ನು ಬರೆಯುವವರು ಅವನ ಗೆಲವನ್ನು ಒಂದು ಸಾಲಿನಲ್ಲಿ ಮುಗಿಸುವುದುಂಟು; ಅಂತಹ ಜೀವಕ್ಕೆ ಅದು ಸಾಲದು.

1931ರಲ್ಲಿ ಶಿರೋನನೇ ಗೆದ್ದುದರಿಂದ ಊರಿನವರಿಗೆ ಪಂದ್ಯವು ತಮ್ಮದೆಂಬ ಭಾವನೆ ಬಲಿಯಿತು. ಅದಕ್ಕಿಂತ ಮುಖ್ಯವಾದ ಸಂಗತಿ ನಡೆದುದು 1933ರಲ್ಲಿ. ಚೀಟಿಯೆತ್ತುವ ಪದ್ಧತಿಯನ್ನು ಬಿಟ್ಟು, ಅಭ್ಯಾಸದ ಓಟದಲ್ಲಿ ಯಾರು ಕಡಮೆ ಕಾಲದಲ್ಲಿ ಸುತ್ತನ್ನು ಮುಗಿಸಿದರೋ ಅವರು ಮುಂದಿನ ಸಾಲಿನಲ್ಲಿ ನಿಲ್ಲತಕ್ಕದ್ದೆಂಬ ನಿಯಮವನ್ನು ಗ್ರ್ಯಾನ್ ಪ್ರಿ ಪಂದ್ಯಗಳಲ್ಲಿ ಮೊದಲು ಆಚರಣೆಗೆ ತಂದುದು ಇಲ್ಲಿಯೇ. ಮುಂದಿನವನನ್ನು ದಾಟಿಹೋಗಲು ಎಡೆಯಿಲ್ಲದ ಬೀದಿಯಲ್ಲಿ ನಿಲ್ಲುವ ಜಾಗವೇ ಅರ್ಧ ಗೆಲವಾದುದರಿಂದ, ಅದನ್ನು ಅದೃಷ್ಟಕ್ಕೆ ಬಿಡುವುದು ಅನ್ಯಾಯವೆಂದು ಇಲ್ಲಿ ತೋರಿದುದು ಸಹಜವೇ ಸರಿ. ಇಕ್ಕಟ್ಟಿನಿಂದ ಹುಟ್ಟಿದ ಈ ನಿಯಮವು ಆಮೇಲೆ ವಿಶಾಲವಾದ ಕಣಗಳಿಗೂ ಹಬ್ಬಿತು.

ಕಣದ ಹಾದಿಯಲ್ಲಿ ಒಮ್ಮೆ ಸುತ್ತಿಬಂದರೆ ಊರಿನ ಚರಿತ್ರೆಯೇ ಕಣ್ಣಿಗೆ ಬೀಳುತ್ತದೆ. ಮೊದಲ ತಿರುವು ಸೇಂಟ್ ದೆವೋತೆಯ ದೇಗುಲದ ಮುಂದೆ. ಕಾರ್ಸಿಕ ದ್ವೀಪದಲ್ಲಿ ಧರ್ಮಕ್ಕಾಗಿ ಪ್ರಾಣ ತೆತ್ತ ಈ ಕನ್ಯೆಯ ಕಳೇಬರವನ್ನು ಹೊತ್ತ ದೋಣಿ ಪಾರಿವಾಳವೊಂದು ದಾರಿ ತೋರಿದಂತೆ ಬಂದು ಇಲ್ಲಿ ದಡ ಸೇರಿತೆಂಬುದು ಐತಿಹ್ಯ. ಇಂದಿಗೂ ಪ್ರತಿವರ್ಷ ಜನವರಿ 26ರ ಸಂಜೆ ದೇಗುಲದ ಎದುರಿನಲ್ಲಿ ದೋಣಿಯೊಂದನ್ನು ಸುಡುತ್ತಾರೆ. ಅಲ್ಲಿಂದ ಏರು ಹತ್ತಿ, ಜೂಜಿನ ಮಂದಿರದ ಚೌಕವನ್ನು ದಾಟಿ, ಇಳಿಯುತ್ತ ಬಂದರೆ ಬಹುಕಾಲ ‘ಸ್ಟೇಷನ್ ತಿರುವು’ ಎಂದು ಕರೆಯುತ್ತಿದ್ದ ಹೇರ್‌ಪಿನ್ ತಿರುವು. ಫಾರ್ಮುಲಾ ಒನ್ ಪಂದ್ಯಗಳಲ್ಲೆಲ್ಲ ಅತ್ಯಂತ ನಿಧಾನವಾದ ತಿರುವು ಇದು. ಗಾಡಿಗಳು ಗಂಟೆಗೆ 50 ಕಿಲೋಮೀಟರಿಗೆ ಇಳಿದು, ಚಾಲಕನು ಚಕ್ರವನ್ನು ಪೂರ್ತಿ ತಿರುಗಿಸಿದ ಕೈ ಕೈಗೆ ಅಡ್ಡವಾಗುವಂತೆ ಹಾಯುತ್ತಾನೆ. ಆ ರೈಲು ನಿಲ್ದಾಣ ಈಗಿಲ್ಲ. ಅದನ್ನು ಕೆಡವಿ ಹೋಟೆಲು ಕಟ್ಟಿದರು. ರೈಲು ನೆಲದಡಿಗೆ ಹೋಯಿತು. ಮುಂದೆ ಸಮುದ್ರದಂಚಿನ ಸುರಂಗ. ಕತ್ತಲಿನಿಂದ ಥಟ್ಟನೆ ಬಿಸಿಲಿಗೆ ಬಿದ್ದು ಬಂದರಿನ ಕಟ್ಟೆಗೆ ಇಳಿಯುವ ಎಡೆ. ಹೊಗೆಸೊಪ್ಪಿನ ಅಂಗಡಿಯ ಮೂಲೆ. 1973ರಿಂದ ಈಜುಕೊಳವನ್ನು ಬಳಸಿಹೋಗುವ ಹೊಸ ಹಾದಿ. ಗ್ಯಾಸ್ ಕಾರ್ಖಾನೆಯ ಬಳಿಯ ಹಳೆಯ ತಿರುವು ಆಗ ಕಣದಿಂದ ಮರೆಯಾಯಿತು. ಕಡೆಯ ತಿರುವಿಗೆ ನೋಗೆಸನ ಹೆಸರಿಟ್ಟಿದ್ದಾರೆ.

ಈ ಬೀದಿಗಳು ಚಾಲಕರಿಂದ ಬಯಸಿದುದು ಬಲಕ್ಕಿಂತ ಹೆಚ್ಚಾಗಿ ಎಚ್ಚರವನ್ನು. 1950ರಲ್ಲಿ, ವಿಶ್ವ ಚಾಂಪಿಯನ್‌ಷಿಪ್ಪಿನ ಮೊದಲ ವರ್ಷ, ಅಲೆಯೊಂದು ಕಟ್ಟೆಯನ್ನು ಹಾರಿ ಹೊಗೆಸೊಪ್ಪಿನ ಅಂಗಡಿಯ ಮೂಲೆಯನ್ನು ತೋಯಿಸಿದುದರಿಂದ, ಮೊದಲ ಸುತ್ತಿನಲ್ಲಿಯೇ ಗಾಡಿಗಳು ಒಂದರ ಮೇಲೊಂದು ಬಿದ್ದು ಬೀದಿ ಮುಚ್ಚಿಹೋಯಿತು. ಎಲ್ಲರಿಗಿಂತ ಮುಂದಿದ್ದ ಆರ್ಜೆಂಟೀನದ ಫ್ಯಾಂಜಿಯೊ ಇದಾವುದನ್ನೂ ಅರಿಯದೆ ಎರಡನೆಯ ಸುತ್ತಿಗೆ ಬಂದನು. ಪಂದ್ಯದಲ್ಲಿ ಮುಂದಿರುವವನನ್ನು ಜನರೆಲ್ಲ ನೋಡುವುದು ವಾಡಿಕೆ. ಅಂದು ಮುಖಗಳೆಲ್ಲ ಅವನ ಕಡೆಗಿರದೆ ಮುಂದಿನ ತಿರುವಿನ ಕಡೆಗಿದ್ದುವು. 1936ರಲ್ಲಿ ಇದೇ ಬಂದರಿನ ಬಳಿ ಆಗಿದ್ದ ಇಂತಹುದೇ ಅವಘಡದ ಚಿತ್ರವನ್ನು ತಾನು ನೋಡಿದ್ದುದು ಆ ಕ್ಷಣದಲ್ಲಿ ನೆನಪಾಯಿತೆಂದು ಅವನೇ ಆಮೇಲೆ ಹೇಳಿಕೊಂಡನು. ವೇಗ ತಗ್ಗಿಸಿ, ಮುರಿದ ಗಾಡಿಗಳ ನಡುವೆ ನುಸುಳಿ ಹೊರಬಂದು ಅವನು ಗೆದ್ದನು. 1955ರಲ್ಲಿ ಇಟಲಿಯ ಅಸ್ಕಾರಿಯ ಲಾನ್ಚಿಯ ಗಾಡಿ ನೇರವಾಗಿ ಬಂದರಿನ ನೀರಿಗೆ ಧುಮುಕಿತು. ಅವನು ಈಜಿ ಮೇಲೆದ್ದು, ದೋಣಿಯವರ ಕೈಗೆ ಸಿಕ್ಕಿ ಬದುಕಿದನು. ನಾಲ್ಕು ದಿನಗಳಾದ ಮೇಲೆ ಇಟಲಿಯ ಮೊನ್ಜಾದಲ್ಲಿ ಬೇರೊಂದು ಗಾಡಿಯನ್ನು ಪರೀಕ್ಷಿಸುತ್ತಿದ್ದಾಗ ಸತ್ತನು. ಐವತ್ತೈದು ವರ್ಷದ ಶಿರೋನನು ಅದೇ ಪಂದ್ಯದಲ್ಲಿ ಆರನೆಯವನಾಗಿ ಬಂದನೆಂಬುದನ್ನೂ ಹೇಳಬೇಕು. 1961ರಲ್ಲಿ ಸ್ಟರ್ಲಿಂಗ್ ಮಾಸ್, ಸೆಕೆ ತಾಳಲಾರದೆ ಪಕ್ಕದ ತಗಡುಗಳನ್ನು ಕಳಚಿಸಿದ್ದ ಹಳೆಯ ಲೋಟಸ್ ಗಾಡಿಯಲ್ಲಿ, ಅದಕ್ಕಿಂತ ಬಹಳ ಬಲವಾದ ಫೆರಾರಿಗಳನ್ನು ನೂರು ಸುತ್ತಿನ ಪಂದ್ಯದ ಕೊನೆಯವರೆಗೂ ತಡೆದು 3.6 ಸೆಕೆಂಡುಗಳಿಂದ ಗೆದ್ದುದು, ನನ್ನ ಮಟ್ಟಿಗೆ, ಈ ಕಣದಲ್ಲಿ ನಡೆದ ಅತ್ಯುತ್ತಮ ಓಟ. ಗ್ರಹಾಂ ಹಿಲ್ಲನ ಐದು ಗೆಲವುಗಳೂ ಐರ್ಟನ್ ಸೆನ್ನಾನ ಆರು ಗೆಲವುಗಳೂ ಸರ್ವರಿಗೂ ಗೊತ್ತಿರತಕ್ಕವು.

1967ರಲ್ಲಿ ನಡೆದುದನ್ನು ಮಾತ್ರ ಮರೆಯಲಾಗದು. ಎಂಬತ್ತೆರಡನೆಯ ಸುತ್ತಿನಲ್ಲಿ, ದಣಿದಿದ್ದ ಲೊರೆನ್ಜೊ ಬಂದೀನಿಯ ಫೆರಾರಿ ಬಂದರಿನ ಬಳಿ ಮಗುಚಿಬಿದ್ದಿತು. ರಕ್ಷಣೆಗೆಂದು ಒಟ್ಟಿದ್ದ ಹುಲ್ಲಿನ ಕಟ್ಟುಗಳೇ ಬೆಂಕಿಗೆ ಆಹಾರವಾದುವು. ಮೂರು ದಿನ ನರಳಿ ಅವನು ತೀರಿಕೊಂಡನು. ಮರುವರ್ಷ ನೂರು ಸುತ್ತುಗಳು ಎಂಬತ್ತಕ್ಕೆ ಇಳಿದುವು. ಕ್ರಮೇಣ ಹುಲ್ಲು ಹೋಗಿ ಕಬ್ಬಿಣದ ತಡೆಗಳು ಬಂದುವು. ಬಾರ್ಸಿಲೋನದ ಮೊನ್‌ಜುಯಿಕ್ ಉದ್ಯಾನದ ಬೀದಿಗಳಲ್ಲಿ ನಡೆಯುತ್ತಿದ್ದಂತಹ ಪಂದ್ಯ 1975ರಲ್ಲಿ ಜನರು ಸತ್ತುದರಿಂದ ಅಲ್ಲಿಗೇ ನಿಂತುಹೋಯಿತು. ಮೊನಾಕೊದಲ್ಲಿ ನಿಲ್ಲಲಿಲ್ಲ; ಪಂದ್ಯವೇ ರಾಜ್ಯದ ಕೀರ್ತಿಯಾಗಿರುವಲ್ಲಿ ಅದನ್ನು ನಿಲ್ಲಿಸುವವರಾರು?

ಪಂದ್ಯದ ದಿನಗಳ ಆಚರಣೆಯಲ್ಲೂ ಊರಿನ ಗುರುತು ಉಳಿದಿದ್ದಿತು. ಬೇರೆಡೆ ಶುಕ್ರವಾರ ಮೊದಲಾಗುವ ಅಭ್ಯಾಸ, ಇಲ್ಲಿ ಕ್ರಿಸ್ತನ ಸ್ವರ್ಗಾರೋಹಣದ ಹಬ್ಬದ ರಜೆಯನ್ನು ಅನುಸರಿಸಿ ಗುರುವಾರವೇ ಮೊದಲಾಗುತ್ತಿದ್ದಿತು; ಶುಕ್ರವಾರ ಗಾಡಿಗಳಿಗೆ ವಿರಾಮ, ಅಂಗಡಿಯವರಿಗೆ ವ್ಯಾಪಾರ. 2022ರಲ್ಲಿ ಈ ವಾಡಿಕೆಯನ್ನು ತೆಗೆದುಹಾಕಿ ಉಳಿದ ಊರುಗಳ ಕ್ರಮಕ್ಕೆ ಹೊಂದಿಸಿದುದು ನನಗೆ ಒಪ್ಪಿತವಾಗಲಿಲ್ಲ. ತಡೆಗಳನ್ನೂ ಬಲೆಗಳನ್ನೂ ನಿಲ್ಲಿಸುವ ಕೆಲಸ ವಾರಗಟ್ಟಲೆ ಮುಂಚೆಯೇ ಆರಂಭವಾಗುತ್ತದೆ. ಬೀದಿಯ ಚರಂಡಿಗಳ ಕಬ್ಬಿಣದ ಮುಚ್ಚಳಗಳನ್ನು ಬೆಸುಗೆ ಹಾಕಿ ಭದ್ರಪಡಿಸುತ್ತಾರೆ. ಏಕೆಂದರೆ ನೆಲಕ್ಕೆ ಅಂಟಿದಂತೆ ಓಡುವ ಇಂದಿನ ಗಾಡಿಗಳು ತಮ್ಮ ಅಡಿಯ ಗಾಳಿಯ ಸೆಳೆತದಿಂದ ಅವನ್ನು ಕಿತ್ತೆಬ್ಬಿಸಬಲ್ಲುವು. 2016ರ ಅಭ್ಯಾಸದಲ್ಲಿ ಸಡಿಲಗೊಂಡ ಮುಚ್ಚಳವೊಂದು ಜೆನ್ಸನ್ ಬಟನ್ನನ ಗಾಡಿಗೆ ಬಡಿದುದು ಇದಕ್ಕೆ ಸಾಕ್ಷಿ. ಸಂಜೆಯಾದೊಡನೆ ಅದೇ ರಸ್ತೆ ಮತ್ತೆ ಊರವರ ಪಾಲು. ಬಸ್ಸೂ ಸ್ಕೂಟರೂ ಓಡುತ್ತವೆ.

ನಮ್ಮ ಕಡೆಯವರಿಗೂ ಈ ಬೀದಿಯೊಡನೆ ಒಂದಿಷ್ಟು ನಂಟುಂಟು. ಬೆಂಗಳೂರಿನ ಉದ್ಯಮಿ ವಿಜಯ ಮಲ್ಯರು ಕಟ್ಟಿದ ಫೋರ್ಸ್ ಇಂಡಿಯಾ ತಂಡ, ಕಣಕ್ಕಿಳಿದ ಮೊದಲ ವರ್ಷವಾದ 2008ರಲ್ಲಿ, ಮಳೆ ಸುರಿದ ಮೊನಾಕೊದಲ್ಲಿ ಏಡ್ರಿಯನ್ ಸೂಟಿಲ್‌ನ ಮೂಲಕ ನಾಲ್ಕನೆಯ ಸ್ಥಾನದವರೆಗೆ ಏರಿದ್ದಿತು. ಕೆಲವೇ ಸುತ್ತುಗಳು ಉಳಿದಿರುವಾಗ ಸುರಂಗದಿಂದ ಹೊರಬಿದ್ದ ಕಿಮಿ ರೈಕೋನೆನ್ನನ ಫೆರಾರಿ ಹಿಡಿತ ತಪ್ಪಿ ಹಿಂದಿನಿಂದ ಬಂದು ಬಡಿದು ಎಲ್ಲವನ್ನೂ ಕೆಡಿಸಿತು. 2016ರಲ್ಲಿ ಅದೇ ತಂಡದ ಸೆರ್ಜಿಯೊ ಪೆರೆಜ್ ಇಲ್ಲಿ ಮೂರನೆಯವನಾದುದು ಆ ನಷ್ಟವನ್ನು ತಕ್ಕಮಟ್ಟಿಗೆ ತುಂಬಿಕೊಟ್ಟಿತು.

ಇಂದಿನ ಸುತ್ತು 3.337 ಕಿಲೋಮೀಟರು, ಸುತ್ತುಗಳು 78. ಉಳಿದ ಪಂದ್ಯಗಳು 305 ಕಿಲೋಮೀಟರಿಗೆ ಕಡಮೆಯಾಗಬಾರದೆಂಬ ನಿಯಮವಿದ್ದರೂ ಮೊನಾಕೊ ಒಂದಕ್ಕೆ 260ರ ರಿಯಾಯಿತಿ. ಬೀದಿ ಹಿಂದಿನಷ್ಟೇ ಅಗಲ. ಗಾಡಿಗಳು ಮಾತ್ರ 5 ಮೀಟರಿಗೂ ಮೀರಿ ಬೆಳೆದುವು. ಮಾಸ್‌ನ ಕೌಶಲಕ್ಕೆ ಆಶ್ರಯವಾದ ಇಕ್ಕಟ್ಟೇ ಈಗ ಪಂದ್ಯದ ಉಸಿರು ಕಟ್ಟಿಸುತ್ತಿದೆ. 2024ರಲ್ಲಿ ಶಾರ್ಲ್ ಲೆಕ್ಲರ್ಕ್ ಗೆದ್ದು, ಶಿರೋನನ ಅನಂತರ 93 ವರ್ಷಗಳಿಗೆ ಮೊನಾಕೊದ ಮಗನೊಬ್ಬ ತನ್ನ ಊರಿನಲ್ಲಿ ಗೆದ್ದ ಸಂತೋಷ ಉಂಟಾಯಿತಾದರೂ, ಮೊದಲ ಹತ್ತು ಗಾಡಿಗಳು ಹೊರಟ ಕ್ರಮದಲ್ಲಿಯೇ, ಒಂದೂ ಹಿಂದುಮುಂದಾಗದೆ, ಗುರಿ ಮುಟ್ಟಿದುವು. ಮರುವರ್ಷ ಪ್ರತಿಯೊಬ್ಬನೂ ಎರಡು ಸಲ ಟೈರು ಬದಲಿಸಬೇಕೆಂಬ ವಿಶೇಷ ನಿಯಮ ಮಾಡಿ ನೋಡಿದರು, ಹೆಚ್ಚೇನೂ ಫಲಿಸಲಿಲ್ಲ. ಆದಕಾರಣ, ಮೊನಾಕೊದ ಪಂದ್ಯವನ್ನು ನೋಡಬಯಸುವ ಓದುಗರಿಗೆ ನನ್ನ ಸೂಚನೆ ಇಷ್ಟೆ: ಭಾನುವಾರದ ಮೆರವಣಿಗೆಯನ್ನು ಬೇಕಾದರೆ ಬಿಡಿ, ಶನಿವಾರ ಮಧ್ಯಾಹ್ನ ನಿಲ್ಲುವ ಜಾಗಕ್ಕಾಗಿ ಒಬ್ಬೊಬ್ಬರೂ ಒಂದು ನಿಮಿಷ ಹತ್ತು ಸೆಕೆಂಡುಗಳಷ್ಟು ಕಾಲ ಗೋಡೆಗೆ ತಾಗಿಯೂ ತಾಗದಂತೆ ಓಡಿಸುವುದನ್ನು ತಪ್ಪದೆ ನೋಡಿ.